ಸ್ಪಿಟ್‌ಫೈರ್ ಮೇಲಿದ್ದ ಬಿಳಿ ನಕ್ಷತ್ರ

ಅಮೆರಿಕದ ಹರ್ನ್‌ಡನ್ ಊರಿನ ಗುರುಸಿದ್ದಪ್ಪನವರಿಗೆ ಎಪ್ಪತ್ತೊಂಬತ್ತು. ನಲವತ್ತು ವರ್ಷ ಲೋಹಗಳ ಲ್ಯಾಬಿನಲ್ಲಿ ದುಡಿದು ರಿಟೈರ್ ಆದವರು, ಈಗ ಪ್ರತಿ ಶನಿವಾರ ಊರಾಚೆಯ ಪುಟ್ಟ ವಿಮಾನ ಮ್ಯೂಸಿಯಮ್ಮಿನಲ್ಲಿ ಸಂಬಳವಿಲ್ಲದ ಗೈಡ್. ಅಲ್ಲಿನ ಸ್ಪಿಟ್‌ಫೈರ್ ಎಂದರೆ ಅವರಿಗೆ ಪ್ರಾಣ. ಇಂಗ್ಲೆಂಡಿನಲ್ಲಿ ತಯಾರಾಗಿ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪಡೆ ಸೇರಿ, ಅಮೆರಿಕದ ನಕ್ಷತ್ರ ಹೊತ್ತು ಹಾರಿದ ವಿಮಾನ ಅದು. ಐವತ್ತು ವರ್ಷ ಇಲ್ಲೇ ಬಾಳಿದರೂ "ನಿಜವಾಗಿ ನೀವು ಎಲ್ಲಿಯವರು?" ಎಂದು ಕೇಳಿಸಿಕೊಂಡು ರೋಸಿಹೋದ ಮನುಷ್ಯನಿಗೆ ಅದರ ಮೇಲೆ ಮೋಹ ಹುಟ್ಟದೆ ಇನ್ನೇನು!

2023ರ ಬೇಸಿಗೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ತಿಂಗಳ ಮೇಲೆ ಬಂದು ನೋಡಿದರೆ ನಕ್ಷತ್ರ ಮಾಯ! ಅದರ ಜಾಗದಲ್ಲಿ ಬ್ರಿಟಿಷ್ ವಾಯುಪಡೆಯ ಗುರುತಾದ ಬಣ್ಣದ ವೃತ್ತಗಳು. ಬೋರ್ಡಿನಲ್ಲೂ ಅಮೆರಿಕದವರ ಸುದ್ದಿಯೇ ಇಲ್ಲ.

ಅವತ್ತೇ ದೂರದ ಷಾರ್ಲೆಟ್ ನಗರದಿಂದ ಎಂಬತ್ತೊಂದರ ಅಜ್ಜಿಯೊಬ್ಬಳು ಗಾಲಿಕುರ್ಚಿಯಲ್ಲಿ ಬಂದಿದ್ದಳು. ಕೈಯಲ್ಲೊಂದು ಹಳೆಯ ಫೋಟೋ: ಟ್ಯುನೀಷಿಯಾದಲ್ಲಿ, ನಕ್ಷತ್ರ ಬರೆದ ಸ್ಪಿಟ್‌ಫೈರಿಗೆ ಒರಗಿ ನಿಂತ ಅವಳಪ್ಪ. ಅದಾದ ವಾರಕ್ಕೇ ಅವನು ಯುದ್ಧದಲ್ಲಿ ಸತ್ತ. ಆಗ ಇವಳಿಗೆ ಒಂದು ವರ್ಷ. "ಇದು ಬ್ರಿಟಿಷ್ ವಿಮಾನ, ನಿಮ್ಮ ಫೋಟೋ ಬೇರೆ ಯಾವುದರದ್ದೋ ಇರಬೇಕು" ಎಂದಿದ್ದರಂತೆ ಟಿಕೆಟ್ ಕೌಂಟರಿನವರು.

"ಹಾಗಾದರೆ ಅಮ್ಮ ನನಗೆ ಹೇಳಿದ್ದೆಲ್ಲ ಸುಳ್ಳೇ?" ಎಂದು ಅಜ್ಜಿ ಕೇಳಿದಾಗ ಗುರುಸಿದ್ದಪ್ಪನವರು ಸೀದಾ ಸೌಮ್ಯಾಳ ಕೋಣೆಗೆ ನುಗ್ಗಿದರು. ಪ್ರದರ್ಶನಗಳ ಉಸ್ತುವಾರಿ ಅವಳದು. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ.

"ಅಂಕಲ್, ಸ್ಪಿಟ್‌ಫೈರ್ ಬ್ರಿಟಿಷ್ ಅಲ್ವಾ? ಸ್ಟಾರ್ ನೋಡಿ ಎಲ್ಲಾರೂ ಕನ್‌ಫ್ಯೂಸ್ ಆಗ್ತಾರೆ. ಅದಕ್ಕೇ ಫಿಕ್ಸ್ ಮಾಡಿದ್ವಿ."

"ಫಿಕ್ಸ್ ಮಾಡಿದ್ರಾ? ಸತ್ತವನ ಗುರುತೇ ಅಳಿಸಿಬಿಟ್ರಲ್ಲಮ್ಮ! ಒಬ್ಬರನ್ನಾದ್ರೂ ಕೇಳಬಾರದಿತ್ತಾ?"

"ಕಮಿಟಿಗೆ ಈಮೇಲ್ ಮಾಡಿ ಅಂಕಲ್. ನೆಕ್ಸ್ಟ್ ಮೀಟಿಂಗ್ ಅಕ್ಟೋಬರ್. ಅಲ್ಲೀವರೆಗೂ ಗೈಡ್ಸ್ ಬೋರ್ಡಲ್ಲಿ ಇರೋದು ಮಾತ್ರ ಹೇಳ್ಬೇಕು. ರೂಲ್ ಇದೆ."

ಅಕ್ಟೋಬರ್ ಅಂತೆ! ಎಂಬತ್ತು ವರ್ಷ ಕಾದವಳಿಗೆ ಇನ್ನೂ ಕಾಯಲು ಹೇಳುವುದಕ್ಕೆ ಇವರಿಗೆ ನಾಲಿಗೆಯಾದರೂ ಹೇಗೆ ಹೊರಳುತ್ತದೆ?

"ರೂಲ್ ಗೈಡ್‌ಗಳಿಗೆ ತಾನೇ?" ಎಂದವರೇ ಎದೆಯ ಮೇಲಿನ ಬ್ಯಾಡ್ಜ್ ಕಿತ್ತು ಅವಳ ಮೇಜಿನ ಮೇಲೆ ಕುಕ್ಕಿದರು. ಕೌಂಟರಿಗೆ ಹೋಗಿ ಎಲ್ಲರಂತೆ ಸಾಲಿನಲ್ಲಿ ನಿಂತು ಟಿಕೆಟ್ ಕೊಂಡರು. "ಈಗ ನಾನು ವಿಸಿಟರ್. ನನ್ನ ಬಾಯಿ ಯಾರು ಮುಚ್ಚಿಸ್ತಾರೋ ನೋಡೇಬಿಡ್ತೀನಿ!"

ಅಜ್ಜಿಯ ಕುರ್ಚಿಯನ್ನು ತಾವೇ ವಿಮಾನದ ರೆಕ್ಕೆಯ ಬಳಿಗೆ ತಳ್ಳಿಕೊಂಡು ಹೋಗಿ, ಫೋಟೋ ಎತ್ತಿ ಹಿಡಿದು, ಬೋರ್ಡಿನಲ್ಲಿ ಇಲ್ಲದ್ದನ್ನೆಲ್ಲ ಗಟ್ಟಿಯಾಗಿ ಹೇಳತೊಡಗಿದರು. ಜನ ಸುತ್ತುಗಟ್ಟಿದರು. ಸೌಮ್ಯಾಳೂ ಓಡಿಬಂದಳು.

"ಫೋಟೋದಲ್ಲಿರೋದು ಯಾರು?" ಎಂದು ಹಿಂದಿನಿಂದ ಒಬ್ಬರು ಕೇಳಿದರು.

ಗುರುಸಿದ್ದಪ್ಪನವರು ಉತ್ತರಿಸುವ ಮೊದಲೇ ಅಜ್ಜಿ ಕೈಯೆತ್ತಿದಳು.

"ನನ್ನಪ್ಪ," ಎಂದಳು.