ಗಂಗಮ್ಮನ ಕೆಂಪು ಚೌಕಟ್ಟು

ಬಡಗಿ ಗಂಗಮ್ಮನ ಅಂಗಳದಲ್ಲಿ ಬಿಳಿ ಕೋಳಿಗಳೂ ಕೆಂಪಗಿರುತ್ತಿದ್ದವು. ಪಡೌಕ್ ಮರ ಕೊಯ್ದ ದಿನ ಅದರ ಕೆಂಪು ಹೊಟ್ಟು ಹಾರಿ ಅವರ ಸೀರೆ, ತಲೆಗೂದಲು, ಒಣಹಾಕಿದ ಹಪ್ಪಳ ಯಾವುದನ್ನೂ ಬಿಡುತ್ತಿರಲಿಲ್ಲ. ಎರಡು ಸಾವಿರದ ಇಸವಿ ಕಳೆದ ಮೇಲೆ ಈ ಆಫ್ರಿಕಾದ ಮರ ಚಿತ್ರದುರ್ಗದ ಸಾಮಿಲ್ಲಿಗೆ ಬರತೊಡಗಿತ್ತು. ಹೊಳಲ್ಕೆರೆಯಲ್ಲಿ ಆ ಮರಕ್ಕೆ ಮೊದಲ ಉಳಿ ಹಾಕಿದವರು ಗಂಗಮ್ಮ. ಗಂಡ ತೀರಿಕೊಂಡಾಗ ಉಳಿ, ಗರಗಸ ಮಾರಿಬಿಡು ಎಂದವರಿಗೆಲ್ಲ, "ಹೋದೋರು ಅವ್ರು, ನನ್ನ ಕೈ ಇಲ್ಲೇ ಐತೆ" ಎಂದು ಅಂಗಡಿ ತೆರೆದೇ ಇಟ್ಟಿದ್ದರು.

ಸಾಗುವಾನಿಯ ಬಣ್ಣ ಬಳಿದುಕೊಡಿ ಎನ್ನುವ ಗಿರಾಕಿಗಳನ್ನು ಅವರು ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದರು. ಸ್ಪಿರಿಟ್ ಪಾಲಿಶ್ ಹಚ್ಚಿದರೆ ಕೆಂಪು ಬಿಟ್ಟುಕೊಂಡು ಪಕ್ಕದ ಬಿಳಿ ಮರಕ್ಕೂ ಹರಡುತ್ತದೆಂದು ಎಣ್ಣೆ, ಮೇಣ ಮಾತ್ರ ತಿಕ್ಕುತ್ತಿದ್ದರು. ಕೆಂಡದಂತಿದ್ದ ಬಾಗಿಲು ಕಂದು ಬಣ್ಣಕ್ಕೆ ತಿರುಗಿತೆಂದು ಒಬ್ಬರು ಜಗಳಕ್ಕೇ ಬಂದರು. "ಬಿಸ್ಲಾಗೆ ನಿಂತ್ರೆ ನೀವು ಕಪ್ಪಾಗಲ್ವೇನ್ರಿ? ಗೆದ್ಲು ಮುಟ್ಟೈತಾ ನೋಡ್ರಿ, ಆಮೇಲೆ ಮಾತಾಡ್ರಿ." ಆ ಬಾಯಿಗೆ ಇಡೀ ಪೇಟೆ ಹೆದರುತ್ತಿತ್ತು. ನನಗಂತೂ ಆ ಬಾಯಿ ಬಲು ಇಷ್ಟ.

ನಾನು ಮನೆ ಕಟ್ಟಿಸುವಾಗ ತಲೆಬಾಗಿಲಿನ ಚೌಕಟ್ಟನ್ನು ಅವರಿಗೇ ಒಪ್ಪಿಸಿದೆ. ಅದನ್ನು ನಿಲ್ಲಿಸುವ ದಿನ ಶಾಸ್ತ್ರಕ್ಕೆ ಮುತ್ತೈದೆಯರು ಸೇರಿದ್ದರು. ಚಿಕ್ಕಪ್ಪ ನನ್ನ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ಗಂಡ ಇಲ್ದೋಳು ಬಾಗ್ಲು ನಿಲ್ಸಾದು ಬ್ಯಾಡ ಕಣಪ್ಪ. ಬ್ಯಾರೆ ಬಡಗೀನ ಕರ್ಸಾಣ" ಎಂದರು.

ಗಂಗಮ್ಮ ಚೌಕಟ್ಟಿನ ಮೇಲಿಟ್ಟ ಕೈ ತೆಗೆಯಲಿಲ್ಲ. "ಕೊಯ್ಯಾಕೆ, ಕೆತ್ತಾಕೆ ನಾನು ಬೇಕು, ನಿಲ್ಸಾಕೆ ಬ್ಯಾಡ್ವಾ? ಹಂಗಾದ್ರೆ ಈಗ್ಲೇ ಗಾಡಿಗೆ ಹಾಕ್ಕಂಡು ಹೋಗ್ತೀನಿ."

"ನೀವೇ ನಿಲ್ಸ್ರಿ" ಎಂದೆ. ಗಂಗಮ್ಮನಿಗೆ ಅಷ್ಟು ಸಾಕಾಗಲಿಲ್ಲ. ಅಪ್ಪ ಹೋದ ಮೇಲೆ ಇಂಥ ಶಾಸ್ತ್ರಗಳಿಂದ ದೂರವೇ ಇರುತ್ತಿದ್ದ ನನ್ನ ಅಮ್ಮ ಮರಳಿನ ಗುಡ್ಡೆಯ ಹಿಂದೆ ನಿಂತಿದ್ದರು. ಗಂಗಮ್ಮ ಅತ್ತ ತಿರುಗಿ, "ಅಮ್ಮಾರೆ, ಅಲ್ಯಾಕೆ ನಿಂತೀರಿ? ಮಗನ ಮನೆ ಬಾಗ್ಲು ಇದು. ಬರ್ರಿ, ಮೊದ್ಲು ಅರಿಶಿನ ನೀವು ಹಚ್ರಿ" ಎಂದರು.

ಅಮ್ಮ ನನ್ನ ಮುಖ ನೋಡಿದರು, ಚಿಕ್ಕಪ್ಪನ ಮುಖ ನೋಡಿದರು, ಬಂದರು. ಬಟ್ಟಲು ಎತ್ತಿಕೊಂಡು ಚೌಕಟ್ಟಿಗೆ ಅರಿಶಿನ ಹಚ್ಚಿದರು. ನನಗೆ ಅಳುವೇ ಬಂತು. ಚಿಕ್ಕಪ್ಪ ಊಟ ಮಾಡದೆ ಹೋದರು; ಹೋಗಲಿ.

ಕೆಲವು ವರ್ಷಗಳ ಮೇಲೆ ಗಂಗಮ್ಮ ತೀರಿಕೊಂಡರು. ಅವರ ಅಂಗಡಿ ಬೈಕ್ ಗ್ಯಾರೇಜಾಯಿತು. ಆ ವರ್ಷವೇ ರಾಮಗಿರಿಯಲ್ಲಿ ಚಿಕ್ಕಪ್ಪನ ಮಗ ಮನೆ ಕಟ್ಟಿಸಿದ. ಬಾಗಿಲು ನಿಲ್ಲಿಸುವ ಹೊತ್ತಿಗೆ ಅಮ್ಮ ಯಾರೂ ಕರೆಯದೆಯೇ ಮುಂದೆ ಹೋಗಿ ಅರಿಶಿನದ ಬಟ್ಟಲು ಎತ್ತಿಕೊಂಡರು. ಚಿಕ್ಕಪ್ಪ "ಅತ್ತಿಗೆ" ಎಂದು ಬಾಯಿ ತೆರೆದರು.

ಅಮ್ಮ ತಿರುಗಿಯೂ ನೋಡದೆ, "ಅತ್ಲಾಗೆ ಸರ್ಕಳಪ್ಪ, ಬೆಳಕಿಗೆ ಅಡ್ಡ ಆಗ್ತೀಯ" ಎಂದರು.