ಲೈನ್ ಕಾಯುವ ಕಾರ್ಡಕ್ಕ

ಬೆಳಗ್ಗೆ ಆರೂಕಾಲು. ನಿಘಂಟು ಕಚೇರಿಯ ಕಾವಲುಗಾರ ಇನ್ನೂ ಹಲ್ಲುಜ್ಜುತ್ತಿದ್ದಾನೆ. ಒಳಗೆ ಐವತ್ತಾರರ ಹೆಂಗಸೊಬ್ಬರು ಸ್ಟೂಲ್ ಎಳೆದುಕೊಂಡು ಕೂತು, ಮರದ ಬೀರುವಿನಿಂದ ಡ್ರಾಯರ್ ಒಂದನ್ನು ಹೊರತೆಗೆಯುತ್ತಾರೆ. ಒಣ ಬಟ್ಟೆಯಲ್ಲಿ ಕಾರ್ಡುಗಳ ಧೂಳು ಒರೆಸುತ್ತಾರೆ. ಆಮೇಲೆ ಬಗ್ಗಿ ಮೂಸುತ್ತಾರೆ.

"ಹುಳ ಬಿದ್ರೆ ಮೊದಲು ವಾಸನೆ ಬರುತ್ತೆ, ತೂತು ಕಾಣೋದು ಆಮೇಲೆ," ಎನ್ನುತ್ತಾರೆ. ಕಚೇರಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಕಾರ್ಡಕ್ಕ ಎಂದೇ. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿದೆ, ಅದನ್ನು ಕೂಗಿದರೆ ಅವರೇ ಓ ಎನ್ನುವುದಿಲ್ಲ.

ನಮ್ಮ ಮಾತಿಗೆ ಬಂದು ಸೇರಿಕೊಂಡ ಇಂಗ್ಲಿಷ್ ಪದಗಳ ಕೋಶ ಇಲ್ಲಿ ತಯಾರಾಗುತ್ತದೆ. ಯಾರು, ಎಲ್ಲಿ, ಯಾವ ದಿನ, ಯಾವ ಅರ್ಥದಲ್ಲಿ ಒಂದು ಪದ ಆಡಿದರು ಎಂಬುದಕ್ಕೆ ಒಂದೊಂದು ಕಾರ್ಡು. ಕಸ ಗುಡಿಸಲು ಸೇರಿದ ಕಾರ್ಡಕ್ಕ ಓದಿದ್ದು ಏಳನೇ ಕ್ಲಾಸು. ಕೆಳಗೆ ಬಿದ್ದ ಕಾರ್ಡನ್ನು ಅದರ ಜಾಗಕ್ಕೇ ಸೇರಿಸಬೇಕೆಂದು ಇಂಗ್ಲಿಷ್ ಅಕ್ಷರಗಳನ್ನು ತಾವೇ ಕಲಿತರು. ಮೂವತ್ತಮೂರು ವರ್ಷವಾಯಿತು. ಈಗ ಡಾಕ್ಟರೇಟು ಪಡೆದ ಸಂಪಾದಕರೂ ಕಾರ್ಡು ಸಿಗದಿದ್ದರೆ ಇವರ ಮುಂದೆ ಬಂದು ತಲೆ ಕೆರೆದುಕೊಳ್ಳುತ್ತಾರೆ. ದಿನಕ್ಕೆ ಇನ್ನೂರು ಕಾರ್ಡು ಇವರ ಕೈ ದಾಟುತ್ತವೆ. ಮಂಡಿ ಸವೆದಿದೆ, ಕನ್ನಡಕ ನಾಲ್ಕನೆಯದು.

ಲೈನ್ ಎಂಬ ಒಂದೇ ಪದಕ್ಕೆ ಮೂರು ಡ್ರಾಯರ್, ಅರವತ್ತೊಂದು ಅರ್ಥ. ತವರಿನಲ್ಲಿ ಅದು ಅಗಸೆ ನಾರಿನ ದಾರವಾಗಿತ್ತಂತೆ. ದಾರ ಹಿಡಿದು ಅಳೆದರು, ಅಳತೆಯ ಗುರುತು ಗೆರೆಯಾಯಿತು, ಗೆರೆಯಂತೆ ನಿಂತವರು ಸಾಲಾದರು. ಆಮೇಲೆ ರೈಲು, ತಂತಿ, ಫೋನು. ನಮ್ಮಲ್ಲಿಗೆ ಬಂದ ಮೇಲಂತೂ ಅದನ್ನು ಹಿಡಿಯುವವರೇ ಇಲ್ಲ. ಕರೆಂಟು ಹೋದರೆ ಲೈನ್‌ಮನ್, ಕಸುಬು ಕೇಳಿದರೆ "ಯಾವ ಲೈನಲ್ಲಿದೀರಿ", ಹುಡುಗಿಯ ಹಿಂದೆ ಸುತ್ತಿದರೆ "ಲೈನ್ ಹೊಡೀತಿದಾನೆ". ಈ ಕೊನೆಯದರ ಕಾರ್ಡುಗಳೇ ಹೆಚ್ಚು ಕೊಳೆಯಾಗುವುದು, ಬಂದವರೆಲ್ಲ ಅದನ್ನೇ ತೆಗೆದು ನೋಡುತ್ತಾರೆ.

ಇವರ ಬಗ್ಗೆ ಬರೆಯಲು ಬಂದ ನನಗೆ ಕಾರ್ಡಕ್ಕ ತೋರಿಸುವುದು ಐವತ್ತೆಂಟನೆಯ ಅರ್ಥ. ಅದಕ್ಕೆ ಇರುವುದು ಐದೇ ಕಾರ್ಡು. ನೂಲಿನ ಮಿಲ್ಲಿನ ಕೆಲಸಗಾರರು ಇಪ್ಪತ್ತೆರಡು ಸಾಲುಮನೆಗಳಲ್ಲಿ ವಾಸವಿದ್ದರು. ತಾಯಿ ಪಾಳಿಗೆ ಹೋದರೆ ಮಗುವನ್ನು ಪಕ್ಕದ ಮನೆಗೆ ಕೊಡುವಳು, ಆ ಪಕ್ಕದ ಮನೆಯವಳ ಪಾಳಿ ಬಂದಾಗ ಮಗು ಅದರಾಚೆಯ ಮನೆಗೆ. ಅದಕ್ಕೆ 'ಲೈನಿಗೆ ಬಿಡೋದು' ಎನ್ನುತ್ತಿದ್ದರು.

"ನಾನೂ ಹಾಗೇ ಬೆಳೆದವಳು. ಯಾವ ಮನೇಲಿ ಉಂಡೆ, ಯಾರ ಮಗ್ಗುಲಲ್ಲಿ ಮಲಗಿದೆ ಅಂತ ಅಮ್ಮ ಕೇಳ್ತಾನೂ ಇರ್ಲಿಲ್ಲ. ಈಗ ಮನೆ ಬೀಗ ಹಾಕ್ಕೊಂಡು ಒಬ್ಬಳೇ ಉಣ್ಣೋವಾಗ ಆ ಮನೆಗಳೆಲ್ಲಾ ಬೇಕು ಅನ್ಸುತ್ತೆ."

ಮಿಲ್ಲು ಮುಚ್ಚಿತು, ಸಾಲುಮನೆ ಕೆಡವಿದರು, ಜನ ಚೆಲ್ಲಾಪಿಲ್ಲಿಯಾದರು. ಕೊನೆಯ ಕಾರ್ಡಿನ ಮಾತು ಕಾರ್ಡಕ್ಕನ ತಾಯಿಯದು, ಹಳೆಯ ಸಂಪಾದಕರೊಬ್ಬರು ಬರೆದುಕೊಂಡದ್ದು. ತಾಯಿ ಈಗಿಲ್ಲ. ಮೂವತ್ತು ವರ್ಷ ಯಾರ ಬಾಯಲ್ಲೂ ಕೇಳಿಬರದ ಅರ್ಥವನ್ನು 'ಬಳಕೆ ತಪ್ಪಿದ್ದು' ಎಂದು ಮುದ್ರೆ ಒತ್ತಿ ನೆಲಮಾಳಿಗೆಗೆ ಇಳಿಸುವುದು ಕಚೇರಿಯ ಪದ್ಧತಿ. ಆ ಗಡುವಿಗೆ ಉಳಿದಿರುವುದು ಹನ್ನೊಂದು ವಾರ.

ನೀವೇ ಒಂದು ಕಾರ್ಡು ಬರೆದರಾಯಿತಲ್ಲ ಎಂದು ನಾನು ಸುಲಭವಾಗಿ ಅಂದುಬಿಡುತ್ತೇನೆ. ಕಾರ್ಡಕ್ಕ ನನ್ನತ್ತ ಕನಿಕರದಿಂದ ನೋಡುತ್ತಾರೆ. ಕಚೇರಿಯವರ ಸ್ವಂತ ಮಾತು ನಡೆಯುವುದಿಲ್ಲ. ಕೇಳಿ ಹೇಳಿಸಿದ ಮಾತೂ ನಡೆಯುವುದಿಲ್ಲ, ತಾನಾಗಿ ಬರಬೇಕು.

"ಆರು ವರ್ಷದ ಹಿಂದೆ ತಡೆಯೋಕಾಗ್ದೆ ಅತ್ತೆ ಹತ್ರ, 'ಲೈನಿಗೆ ಬಿಡ್ತಿದ್ರಲ್ಲಾ' ಅಂದ್ಬಿಟ್ಟೆ. ಅವರೂ 'ಹ್ಞೂ, ಲೈನಿಗೆ ಬಿಡ್ತಿದ್ವಿ' ಅಂದ್ರು. ಕಾರ್ಡು ಬರೆದೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಬಂದು ಹರಿದು ಹಾಕಿದೆ." ಯಾರೂ ನೋಡಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ಅತ್ತೆ ಎಂದರೆ ಸಾಲಿನ ಕೊನೆಮನೆಯವರು. ಈಗ ಎಂಬತ್ತೆಂಟು ದಾಟಿದೆ, ಮಗನ ಜೊತೆ ನಾಲ್ಕನೇ ಮಹಡಿಯಲ್ಲಿದ್ದಾರೆ. ಪ್ರತಿ ಭಾನುವಾರ ಕಾರ್ಡಕ್ಕ ಅಲ್ಲಿಗೆ ಹೋಗಿ ಅವರ ಉಗುರು ಕತ್ತರಿಸುತ್ತಾರೆ, ಮಕ್ಕಳು, ಮರಿ, ಮಿಲ್ಲು ಎಂದು ಮಾತು ಎಳೆಯುತ್ತಾರೆ. ಅತ್ತೆ ಊರ ಮೇಲಿನ ಮಾತೆಲ್ಲ ಆಡುತ್ತಾರೆ, ಅದೊಂದು ಬಿಟ್ಟು.

ಈ ಭಾನುವಾರ ನಾನೂ ಜೊತೆಗೆ ಹೋದೆ. ಹೊಸ ಮುಖ ಕಂಡು ಅತ್ತೆಗೆ ಹುರುಪು. ಕಾರ್ಡಕ್ಕ ಅವರ ಎಡಗೈ ಹಿಡಿದು ಕೂತಿದ್ದರು.

"ಇವಳು ನನಗೆ ಏನಾಗ್ಬೇಕು ಗೊತ್ತೇನಮ್ಮ?" ಎಂದು ಅತ್ತೆ ನನ್ನನ್ನು ಕೇಳಿದರು.

ಗೊತ್ತಿಲ್ಲ ಎಂದೆ.

"ಏನೂ ಆಗ್ಬೇಕಿಲ್ಲ. ಇವಳಮ್ಮಂದು ಎರಡನೇ ಪಾಳಿ. ಲೈನಿಗೆ ಬಿಟ್ಟ ಮಗು ಇದು. ಮಿಕ್ಕ ಮನೇಲೆಲ್ಲಾ ಉಣ್ಣೋದು, ನಿದ್ದೆಗೆ ಮಾತ್ರ ನನ್ನ ಸೆರಗೇ ಬೇಕು."

ಉಗುರು ಕತ್ತರಿ ನಿಂತಿತು. ಕಾರ್ಡಕ್ಕ ಉಳಿದಿದ್ದ ಎರಡು ಬೆರಳು ಮುಗಿಸಿದರು, ಅತ್ತೆಯ ಕೈ ಒರೆಸಿದರು.

ಮೆಟ್ಟಿಲು ಇಳಿದ ಮೇಲೆ ಕೆಳಗಿನ ಕಟ್ಟೆಯ ಮೇಲೆ ಕೂತು ಕೈಚೀಲದಿಂದ ಖಾಲಿ ಕಾರ್ಡು ತೆಗೆದರು. "ಇಷ್ಟು ವರ್ಷ ಆ ಮಾತು ಯಾಕೆ ಬರ್ಲಿಲ್ಲ ಅಂತ ಈಗ ಗೊತ್ತಾಯ್ತು. ಗೊತ್ತಿರೋಳಿಗೆ ಯಾರು ಬಿಡಿಸಿ ಹೇಳ್ತಾರೆ? ನೀವು ಬಂದಿದ್ದಕ್ಕೆ ಬಂತು."

ತಾರೀಕು, ಜಾಗ, ಹೇಳಿದವರ ವಯಸ್ಸು ಬರೆದರು. ಉದಾಹರಣೆಯ ಸಾಲಿನಲ್ಲಿ 'ಲೈನಿಗೆ ಬಿಟ್ಟ ಮಗು ಇದು' ಎಂದು ದುಂಡಗೆ ಬರೆದರು.

"ಯಾವ ಮಗು ಅಂತ ಬರೆಯೋಕೆ ಕಾರ್ಡಲ್ಲಿ ಜಾಗ ಇಟ್ಟಿಲ್ಲ ನೋಡಿ," ಎಂದರು. "ಇಟ್ಟಿದ್ರೆ ಬರೀತಿದ್ದೆ."