ಪರದೆಯ ಮೇಲೆ ಅತ್ತೆಯ ಬೆರಳು

ಗೆಳೆಯರೇ, ಇಂದು ನಮ್ಮ ಕುಟುಂಬದಲ್ಲಿ ನನ್ನ ಲ್ಯಾಪ್‌ಟಾಪ್ ಪರದೆಗೆ ತಾಗದ ಬೆರಳೇ ಉಳಿಯಲಿಲ್ಲ. ಅಂಕೋಲೆಯ ದೊಡ್ಡಪ್ಪನ ಮನೆಯಲ್ಲಿ, ಚಿಕ್ಕಪ್ಪನ ಮಗಳು ಶುಭಾಳ ಲಗ್ನಪತ್ರಿಕೆಯ ಕರಡು ತೋರಿಸುತ್ತಿದ್ದೆ. ಎಲ್ಲರೂ ತಮ್ಮ ಹೆಸರನ್ನು ಒತ್ತಿಯೇ ನೋಡಿದರು. ನಾನು ಪ್ರತಿ ಸಲವೂ ಪರದೆ ಒರೆಸಿ, “ದೂರದಿಂದ ತೋರಿಸಿ” ಎಂದೆ.

ಕೊನೆಗೆ ಕಿನ್ನರ ಊರಿನ ಸೋದರತ್ತೆ ಬಂದರು. ಶುಭಾಳನ್ನು ಹತ್ತು ವರ್ಷ ತಮ್ಮ ಮನೆಯಲ್ಲಿಟ್ಟುಕೊಂಡು ಓದಿಸಿದವರು ಅವರೇ. ಚಕ್ಕುಲಿ ತಿಂದ ಬೆರಳನ್ನು ‘ಸ್ವಾಗತ ಕೋರುವವರು’ ಎಂಬಲ್ಲಿಂದ ಒಂದೊಂದೇ ಹೆಸರಿನ ಕೆಳಗೆ ಜಾರಿಸುತ್ತ ಹೋದರು. ಪಟ್ಟಿ ಮುಗಿಯಿತು. ಮತ್ತೆ ಮೇಲಿನಿಂದ ಶುರು ಮಾಡಿದರು. ಆಗ ನನಗೆ ಹೊಳೆಯಿತು, ಅವರ ಹೆಸರೇ ಇರಲಿಲ್ಲ. ದೊಡ್ಡಪ್ಪ ಬರೆದುಕೊಟ್ಟದ್ದನ್ನು ನಾನು ಹಾಗೆಯೇ ಟೈಪ್ ಮಾಡಿದ್ದೆ.

“ಚಲೋ ಆಯ್ತು ತಮಾ” ಎಂದರು ಅತ್ತೆ.

“ನಿಮ್ಮ ಹೆಸ್ರು ಎಲ್ಲಿ ಹಾಕ್ಲಿ ಅತ್ತೆ?”

ದೊಡ್ಡಪ್ಪ ಕೆಮ್ಮಿದರು. “ಗಂಡ ಹೋದವ್ರ ಹೆಸ್ರು ಹಾಕೂ ಪದ್ಧತಿ ಇಲ್ಲ ಮಾರಾಯ.”

“ಬ್ಯಾಡ ಬಿಡು” ಎಂದು ಅತ್ತೆ ಬೆರಳು ತೆಗೆದರು.

ಶುಭಾ ಹಿಂದಿನಿಂದ ಬಂದು ಅತ್ತೆಯ ಕೈ ಹಿಡಿದು, ಅದೇ ಬೆರಳನ್ನು ಪಟ್ಟಿಯ ಮೊದಲ ಸಾಲಿನ ಮೇಲೆ ಒತ್ತಿದಳು. “ಇಲ್ಲಿ ಹಾಕು ಅಣ್ಣ. ಇಲ್ದಿದ್ರೆ ಈ ಕಾಗ್ದ ಯಾರಿಗೂ ಕೊಡೂದೇ ಬ್ಯಾಡ.”

ಹಾಕಿದೆ. ಅತ್ತೆ ತಮ್ಮ ಹೆಸರನ್ನು ಮೂರು ಸಲ ಮುಟ್ಟಿ ನೋಡಿದರು. ನಾನು ಪರದೆ ಒರೆಸಲು ಹೋಗಲಿಲ್ಲ. ಆಮೇಲೆ ದೊಡ್ಡಪ್ಪ, ತಮ್ಮ ಹೆಸರು ಈಗ ಎಷ್ಟನೆಯದಾಯಿತೆಂದು ಎಣಿಸಲು ಬೆರಳು ಚಾಚಿದರು.

“ದೂರದಿಂದ ತೋರ್ಸಿ ದೊಡ್ಡಪ್ಪ” ಎಂದೆ.